ಒಂದು ಪೆಟ್ರೋಮ್ಯಾಕ್ಸ್ ಬಾಕಿ

೨೦೨೪ನೆಯ ಇಸವಿ ಆಗಸ್ಟ್ ಹದಿನಾಲ್ಕರಂದು ಬಾಂದ್ರಾದಿಂದ ಸಾಂತಾಕ್ರೂಜ್‌ನ ವಾಕೋಲಾದವರೆಗಿನ ರಸ್ತೆಯಲ್ಲಿ ನಲವತ್ತೇಳು ಹೊಂಡಗಳಿದ್ದವು. ರಾತ್ರಿ ಸೈಕಲ್ ಮೇಲೆ ಮನೆಗೆ ಬರುತ್ತಿದ್ದ ದೂಜ ಸಾಲ್ಯಾನರು ಅವುಗಳಲ್ಲಿ ನಲವತ್ತಾರನ್ನು ತಪ್ಪಿಸಿದರು. ನೂರಕ್ಕೆ ತೊಂಬತ್ತೇಳಕ್ಕಿಂತ ಹೆಚ್ಚು ಅಂಕ. ಯಾವ ಶಾಲೆಯಾದರೂ ಇದಕ್ಕೆ ಬಹುಮಾನ ಕೊಡುತ್ತಿತ್ತು. ಆದರೆ ರಸ್ತೆ ಶಾಲೆಯಲ್ಲ. ಅದು ಬರೆದ ಉತ್ತರಗಳನ್ನೆಲ್ಲ ಬದಿಗಿಟ್ಟು, ಬಿಟ್ಟ ಒಂದೇ ಪ್ರಶ್ನೆಗೆ ಶಿಕ್ಷೆ ವಿಧಿಸುತ್ತದೆ.

ದೂಜರಿಗೆ ಐವತ್ತಾರು ವರ್ಷ. ಬಾಂದ್ರಾ ಪೂರ್ವದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕುಳಿತು ಬಿಲ್ಲಿನ ಹಣ ತೆಗೆದುಕೊಳ್ಳುವುದು ಅವರ ಉದ್ಯೋಗ. ರಕ್ತದಲ್ಲಿ ಸಕ್ಕರೆ ಹೆಚ್ಚಿದೆ, ಮೈ ಬಗ್ಗಿಸಬೇಕು ಎಂದು ವೈದ್ಯರು ಹೇಳಿದಾಗ, ಮಗಳು ಯಕ್ಷಿತಾ ಇಪ್ಪತ್ತೊಂದು ಗೇರುಗಳ ಸೈಕಲನ್ನು ತಂದುಕೊಟ್ಟಿದ್ದಳು. ದೂಜರು ಬಳಸುತ್ತಿದ್ದುದು ಒಂದು ಗೇರನ್ನು ಮಾತ್ರ. ಉಳಿದ ಇಪ್ಪತ್ತು ಮನೆತನದ ಗೌರವಕ್ಕಾಗಿ ಇದ್ದವು.

ಆ ರಾತ್ರಿ ಅವರು ಬಾಗಿಲು ಬಡಿದಾಗ ತಲೆಯಿಂದ ಎದೆಯವರೆಗೆ ಕೆಂಪಗಿದ್ದರು. ಎದುರುಮನೆಯ ಇಂದ್ರಾಬಾಯಿ ಕದ ತೆರೆದು ನೋಡಿ, "ಅಯ್ಯಯ್ಯೋ, ಅಣ್ಣಾವ್ರಿಗೆ ರಕ್ತ ಸೋರಾಕತ್ತದ್ರೀ!" ಎಂದು ಕೂಗಿದಳು. ಮೂರು ಮಹಡಿಗಳ ಜನ ಮೆಟ್ಟಿಲ ಮೇಲೆ ನೆರೆಯಿತು. ದೂಜರ ಹೆಂಡತಿ ಪ್ರಫುಲ್ಲಾ ಹತ್ತಿರ ಬಂದು ಒಮ್ಮೆ ಮೂಸಿ ನೋಡಿದಳು.

"ಎಂತ ರಕ್ತ ಮಾರಾಯ್ರೆ, ಸಾಂಬಾರು. ಪಾರ್ಸೆಲ್ ಒಡೆದದ್ದು."

ಜನ ನಿರಾಶೆಯಿಂದ ಹಿಂತಿರುಗಿತು. ಪ್ರಫುಲ್ಲಾ ಗಂಡನ ತಲೆಯ ಮೇಲಿನ ನುಗ್ಗೆಕೋಡನ್ನು ತೆಗೆದು, ಅಲ್ಲಿಯೇ ತೀರ್ಪು ಕೊಟ್ಟಳು.

"ಕೇಳಿ. ನವರಾತ್ರಿ ಮುಗಿಯುವುದರೊಳಗೆ ಈ ಸೈಕಲಿಗೆ ಸರಿಯಾದ ಲೈಟ್ ಬರ್ಬೇಕು. ಬಾರದಿದ್ರೆ ಆಯುಧ ಪೂಜೆ ದಿನ ಇದಕ್ಕೆ ಹೂ ಹಾಕುವುದು ನಮ್ಮ ಬಾಗಿಲಲ್ಲಿ ಅಲ್ಲ, ಮೇಲೆ ಮನೀಶನ ಬಾಗಿಲಲ್ಲಿ."

ಮನೀಶ ಅವಳ ತಮ್ಮ. ಮೇಲಿನ ಮಹಡಿಯಲ್ಲಿ ವಾಸ. ವಾರದ ಆರು ದಿನ ವಿಮಾ ಏಜೆಂಟ್, ಏಳನೆಯ ದಿನ ಯಕ್ಷಗಾನದಲ್ಲಿ ಅಸುರ. ಯಾರೂ ಕೇಳದಿದ್ದರೂ ಅವನು ಭಾವನ ಸೈಕಲಿನ ಚೈನಿಗೆ ಎರಡು ಸಲ ಎಣ್ಣೆ ಹಾಕಿದ್ದನು. ಇನ್ನೊಬ್ಬನ ವಸ್ತುವಿಗೆ ಎಣ್ಣೆ ಹಾಕುವವನ ಮನಸ್ಸನ್ನು ತಿಳಿಯಲು ಶಾಸ್ತ್ರಜ್ಞಾನ ಬೇಕಾಗಿಲ್ಲ.

"ಅಕ್ಕ ಹೇಳಿದ್ದು ಸರಿ ಭಾವ," ಎಂದನು ಮನೀಶ, ಸೀಟಿನ ಎತ್ತರವನ್ನು ತನ್ನ ಸೊಂಟಕ್ಕೆ ಹೋಲಿಸಿ ನೋಡುತ್ತ. "ನಿಮ್ಮ ಜೀವಕ್ಕಿಂತ ಸೈಕಲ್ ದೊಡ್ಡದಾ?"

ಮರುದಿನ ದೂಜರು ಬಾಂದ್ರಾದ ಸೈಕಲ್ ಅಂಗಡಿಗೆ ಹೋದರು. ಮಾರಾಟಗಾರನು ಗಾಜಿನ ಮೇಲೆ ನಾಲ್ಕು ದೀಪಗಳನ್ನು ಸಾಲಾಗಿ ಇಟ್ಟನು. ಎಲ್ಲವೂ ಚಾರ್ಜ್ ಮಾಡುವಂಥವು. ಎಲ್ಲವೂ ಕಪ್ಪು. ಮಟಮಟ ಮಧ್ಯಾಹ್ನದಲ್ಲಿ, ಅರವತ್ತು ಬಲ್ಬುಗಳು ಉರಿಯುವ ಆ ಅಂಗಡಿಯಲ್ಲಿ, ನಾಲ್ಕರ ಬೆಳಕೂ ಒಂದೇ ಆಗಿತ್ತು, ಎಂದರೆ ಕಾಣುತ್ತಿರಲಿಲ್ಲ.

"ಅಂಕಲ್, ಕಿತ್ನಾ ಲ್ಯೂಮೆನ್ ಚಾಹಿಯೇ? ದೋ ಸೌ, ಚಾರ್ ಸೌ, ಆಠ್ ಸೌ, ಬಾರಾ ಸೌ."

ಇನ್ನೂರರಿಂದ ಸಾವಿರದ ಇನ್ನೂರರವರೆಗೆ ಅವನು ಎಣಿಸಿದ ಲ್ಯೂಮೆನ್ ಎಂಬುದು ಬೆಳಕಿನ ಅಳತೆ ಎಂದು ದೂಜರಿಗೆ ತಿಳಿದಿರಲಿಲ್ಲ. ತಿಳಿದಿಲ್ಲವೆಂದು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರ ಹಿಂದೆ ಇಬ್ಬರು ಗಿರಾಕಿಗಳು ನಿಂತಿದ್ದರು, ಮತ್ತು ಮೂವತ್ತು ವರ್ಷ ಗಲ್ಲೆಯ ಮೇಲೆ ಕುಳಿತವನು ಗಿರಾಕಿಗಳ ಎದುರು ಲೆಕ್ಕ ತಪ್ಪಬಾರದು.

"ಪೆಟ್ರೋಮ್ಯಾಕ್ಸ್ ಲೆಕ್ಕದಲ್ಲಿ ಬೋಲೋ," ಎಂದರು ಗಂಭೀರವಾಗಿ.

"ವೋ ಕೌನ್ ಸಾ ಬ್ರ್ಯಾಂಡ್ ಹೈ, ಅಂಕಲ್?"

ದೂಜರು ಅವನನ್ನು ಕರುಣೆಯಿಂದ ನೋಡಿ ಹೊರಬಂದರು. ಮನೆಯಲ್ಲಿ ಯಕ್ಷಿತಾ ಫೋನ್ ಹಿಡಿದು ಹೇಳಿದಳು:

"ಪಪ್ಪಾ, ಸಿಂಪಲ್ ಉಂಟು. ನಾನು ಆನ್‌ಲೈನ್ ಆರ್ಡರ್ ಮಾಡ್ತೇನೆ. ಕಲ್ ತಕ್ ಆ ಜಾಯೇಗಾ."

"ಗೊತ್ತಿಲ್ಲದ ಅಳತೆಯಲ್ಲಿ ನಾನು ಏನನ್ನೂ ಕೊಳ್ಳುವುದಿಲ್ಲ," ಎಂದರು ದೂಜರು. "ಎಣ್ಣೆಗೆ ಲೀಟರ್ ಉಂಟು, ಅಕ್ಕಿಗೆ ಕಿಲೋ ಉಂಟು, ಬೆಳಕಿಗೆ ಪೆಟ್ರೋಮ್ಯಾಕ್ಸ್ ಉಂಟು. ಈ ಲೈಟ್ ಎಷ್ಟು ಪೆಟ್ರೋಮ್ಯಾಕ್ಸ್ ಅಂತ ಯಾರಾದ್ರೂ ಹೇಳ್ಲಿ, ಅರ್ಧ ನಿಮಿಷದಲ್ಲಿ ತಕೊಳ್ತೇನೆ."

"ಪೆಟ್ರೋಮ್ಯಾಕ್ಸ್ ವಾಟ್?"

ದೂಜರು ವಿವರಿಸಿದರು. ಹಿತ್ತಾಳೆಯ ಹೊಟ್ಟೆ, ಗಾಜಿನ ಕೊರಳು, ಒಳಗೆ ಬಲೆಯಂಥ ಮ್ಯಾಂಟಲ್. ಸೀಮೆಎಣ್ಣೆ ಹಾಕಿ ಪಂಪು ಹೊಡೆದರೆ ಸೊಂಯ್ ಎಂದು ಉರಿಯುತ್ತದೆ. ಅವರ ಬಾಲ್ಯದಲ್ಲಿ ಯಕ್ಷಗಾನದ ರಂಗಸ್ಥಳದ ಕಂಬಗಳಿಗೆ ಇದನ್ನೇ ಕಟ್ಟುತ್ತಿದ್ದರು. ಅದಕ್ಕಿಂತ ಪ್ರಖರವಾದ ಬೆಳಕನ್ನು ಸೃಷ್ಟಿಸಲು ಮನುಷ್ಯನಿಗೆ ಕಾರಣವೇ ಇಲ್ಲ ಎಂಬುದು ದೂಜರ ದೃಢವಾದ ಅಭಿಪ್ರಾಯ. ಮನೀಶನು ಮೂಲೆಯಲ್ಲಿ ಕುಳಿತು ಇದನ್ನೆಲ್ಲ ಗಮನವಿಟ್ಟು ಕೇಳಿದನು.

ಹೋಟೆಲಿಗೆ ಶನಿವಾರಗಳಂದು ಪ್ರೊಫೆಸರ್ ಅಣವೀರಪ್ಪ ಎಂಬ ಗಿರಾಕಿ ಬರುತ್ತಿದ್ದರು. ಕಲಬುರಗಿ ಕಡೆಯವರು. ಪವಾಯಿಯಲ್ಲಿ, ದೊಡ್ಡ ದೊಡ್ಡ ಸಂಸ್ಥೆಗಳ ನೆರಳಿನಲ್ಲಿ ಕಣ್ಣಿಗೆ ಬೀಳದೆ ಇರುವ ಒಂದು ಚಿಕ್ಕ ಖಾಸಗಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ದೂಜರು ಬಿಲ್ಲು ಹರಿಯುತ್ತ ತಮ್ಮ ಸಂಶಯವನ್ನು ಮುಂದಿಟ್ಟಾಗ ಪ್ರೊಫೆಸರರ ಕಣ್ಣು ತೇವವಾಯಿತು.

"ಅಲ್ರೀ ಸಾಲ್ಯಾನ್ರ, ನಮ್ಮ ಲ್ಯಾಬಿನ್ಯಾಗ ಬೆಳಕ ಅಳಿಯೋ ಯಂತ್ರ ಅದ. ತಂದಾಗಿನಿಂದ ಒಬ್ಬ ಮಗನೂ ಒಂದು ಪ್ರಶ್ನಿ ಕೇಳಿಲ್ಲ. ಹುಡುಗ್ರು ಅದರ ಮ್ಯಾಲ ಟಿಫಿನ್ ಡಬ್ಬಿ ಇಡ್ತಾರ. ನೀವು ಒಂದು ಪೆಟ್ರೋಮ್ಯಾಕ್ಸ್ ತರ್ರಿ. ಎಷ್ಟು ಲ್ಯೂಮೆನ್ ಅಂತ ನಾ ಅಳದು ಹೇಳ್ತೀನಿ."

ಈಗ ಪೆಟ್ರೋಮ್ಯಾಕ್ಸ್ ಬೇಕಾಯಿತು. ಮುಂಬಯಿಯಲ್ಲಿ ದೂಜರಿಗೆ ತಿಳಿದಂತೆ ಅದು ಇದ್ದುದು ಒಂದೇ ಕಡೆ: ವಾಕೋಲಾದ ಭಜನಾ ಮಂಡಳಿಯ ಅಟ್ಟದ ಮೇಲೆ. ಅವರು ಮಂಡಳಿಯ ಕಾರ್ಯದರ್ಶಿ ಅನಿಲ ಕೋಟ್ಯಾನನಿಗೆ ಫೋನ್ ಮಾಡಿದರು.

ಓದುಗರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಆ ಮಂಡಳಿಯ ನವರಾತ್ರಿ ಉತ್ಸವಕ್ಕೆ ಸೇವಾದಾರರು ಬೇಕಾಗುವ ಸಮಯ ಅದು. ಹೂವಿಗೊಬ್ಬ, ಪಾಯಸಕ್ಕೊಬ್ಬ, ಕುರ್ಚಿಗೊಬ್ಬ ಎಂದು ಅನಿಲನು ಜನರನ್ನು ಹುಡುಕುತ್ತಿದ್ದನು. ಅವನನ್ನು ಕಂಡರೆ ಜನ ಲೋಕಲ್ ರೈಲಿನ ಡಬ್ಬಿ ಬದಲಿಸುತ್ತಿದ್ದರು. ಆ ಋತುವಿನಲ್ಲಿ ತಾನಾಗಿ ಅವನಿಗೆ ಫೋನ್ ಮಾಡಿದವನು ಸೇವೆ ಒಪ್ಪಿಸುವ ಭಕ್ತನಲ್ಲದೆ ಬೇರೆ ಯಾರೂ ಆಗಿರಲು ಸಾಧ್ಯವಿರಲಿಲ್ಲ.

"ಅನಿಲಣ್ಣ, ಮಂಡಳಿಯಲ್ಲಿ ಪೆಟ್ರೋಮ್ಯಾಕ್ಸ್ ಉಂಟಲ್ವಾ?"

"ಉಂಟು, ಒಂದು ಉಂಟು. ಎಂತ ವಿಷಯ ದೂಜಣ್ಣ?"

"ಬೆಳಕಿನ ವಿಷಯ. ನವರಾತ್ರಿ ಒಳಗೆ ಆಗ್ಬೇಕು. ಪ್ರಫುಲ್ಲ ಬಿಡುವುದಿಲ್ಲ. ಮೊನ್ನೆ ನಾನು ಬಿದ್ದೆ ಅಲ್ವಾ, ಆವತ್ತೇ ಹೇಳಿಬಿಟ್ಟಿದ್ದಾಳೆ."

"ಹರಕೆಯಾ?"

"ಹರಕೆಗಿಂತ ಬಿಗಿ ಉಂಟು."

"ದೊಡ್ಡ ಮನಸ್ಸು ಅಕ್ಕನದ್ದು. ಬೆಳಕು ಎಷ್ಟು, ಅಂದಾಜು?"

"ಎದುರಿಗೆ ಬಂದವನ ಮೂಗು ಬಾಯಿ ಎಲ್ಲ ಕಾಣ್ಬೇಕು. ಖರ್ಚಿಗೆ ನಾನು ಹೆದರುವುದಿಲ್ಲ."

"ಎಷ್ಟು ಹೊತ್ತು ಉರೀಬೇಕು?"

"ಒಂದು ಮೂರು ಗಂಟೆ ಆದ್ರೂ ಬೇಡ್ವಾ?"

ಮಂಡಳಿಯ ಯಕ್ಷಗಾನವೂ ಸರಿಯಾಗಿ ಮೂರು ಗಂಟೆಯದು. ಅನಿಲನು ಸೇವೆಯ ಪಟ್ಟಿ ತೆಗೆದು ದೂಜರ ಹೆಸರನ್ನು ಬರೆದುಕೊಂಡನು. "ದೂಜಣ್ಣ, ನಾಳೆ ಬೆಳಿಗ್ಗೆಯೇ ಬಂದು ಪೆಟ್ರೋಮ್ಯಾಕ್ಸ್ ತಕೊಂಡು ಹೋಗಿ."

ಒಂದು ಜೊತೆ ತಾಳ ಎರವಲು ಕೊಡಲು ಎರಡು ಸಹಿ ಕೇಳುವ ಮಂಡಳಿ ಇಷ್ಟು ಸುಲಭವಾಗಿ ಒಪ್ಪಿತಲ್ಲ ಎಂದು ದೂಜರಿಗೆ ಆಶ್ಚರ್ಯವಾಯಿತು. ಆದರೆ ಸಂಶಯ ಬರಲಿಲ್ಲ. ಸಂಶಯವು ಅವರಿಗೆ ಯಾವಾಗಲೂ ಮರುದಿನದ ಅಂಚೆಯಲ್ಲಿ ಬರುತ್ತಿತ್ತು.

ಈ ಸಲ ಅದು ವಾಟ್ಸಾಪಿನಲ್ಲಿ ಬಂತು. ಹೊಳೆಯುವ ಆಮಂತ್ರಣ: ಅಕ್ಟೋಬರ್ ಆರು, ಭಾನುವಾರ ಸಂಜೆ, ಮಂಡಳಿಯ ಮೈದಾನದಲ್ಲಿ, ಹಿಂದಿನ ಕಾಲದಂತೆ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ದೇವಿಯು ಅಸುರನನ್ನು ವಧಿಸುವ ಯಕ್ಷಗಾನ. ದೇವಿಯ ಚಿತ್ರದ ನೇರ ಕೆಳಗೆ, ಕೆಂಪು ಅಕ್ಷರಗಳಲ್ಲಿ: "ಬೆಳಕಿನ ಸೇವೆ: ಶ್ರೀ ದೂಜ ಸಾಲ್ಯಾನ್ ಮತ್ತು ಶ್ರೀಮತಿ ಪ್ರಫುಲ್ಲಾ."

ದೂಜರು ಮೆಟ್ಟಿಲಿಳಿಯುವಷ್ಟರಲ್ಲಿ ಇಂದ್ರಾಬಾಯಿ ಅಡ್ಡಬಂದಳು. "ಏನ್ರೀ ಅಣ್ಣಾವ್ರ, ಊರಿಗೆಲ್ಲ ಬೆಳಕ ಕೊಡ್ತೀರಂತ? ಛಲೋ ಆತು. ನಮ್ಮ ಮೆಟ್ಟಲದಾಗಿನ ಬಲ್ಬ ಹೋಗಿ ತಿಂಗಳಾತು, ಮೊದಲು ಅದನ್ನ ಹಾಕಸ್ರಿ."

ಅವರು ನೇರವಾಗಿ ಮಂಡಳಿಗೆ ಓಡಿದರು, ತಪ್ಪನ್ನು ತಿದ್ದಲು. ಅಲ್ಲಿ ಅನಿಲನು ಪ್ರತಿವರ್ಷ ದೀಪಾಲಂಕಾರ ಮಾಡುವ ಗುತ್ತಿಗೆದಾರನನ್ನು ಬಾಗಿಲವರೆಗೆ ಬೀಳ್ಕೊಡುತ್ತಿದ್ದನು.

"ಈ ವರ್ಷ ನಿಮ್ಮ ಫೋಕಸ್ ಲೈಟ್ ಬೇಡ ಮಾರಾಯ್ರೆ. ನೋಡಿ, ನಮ್ಮ ದಾನಿಗಳೇ ಬಂದ್ರು!" ಎಂದು ದೂಜರ ಕೊರಳಿಗೆ, ದೇವರಿಗೆಂದು ತಂದಿದ್ದ ಹಾರವನ್ನು ಹಾಕಿದನು. ಹಾರ ಹಾಕಿಸಿಕೊಂಡ ಕೊರಳಿನಿಂದ 'ಇಲ್ಲ' ಎಂಬ ಶಬ್ದ ಹೊರಡುವುದು ಕಷ್ಟ. ದೂಜರು "ಒಂದೇ ಪೆಟ್ರೋಮ್ಯಾಕ್ಸ್..." ಎಂದು ಆರಂಭಿಸಿದರು.

"ಒಂದೇ ಸಾಕು ದೂಜಣ್ಣ. ಸೇವೆಯಲ್ಲಿ ಸಂಖ್ಯೆ ಮುಖ್ಯ ಅಲ್ಲ!"

ಮನೆಗೆ ಬಂದು ಹೆಂಡತಿಗೆ ನಿಜ ಹೇಳಿದರು. ಪ್ರಫುಲ್ಲಾ ಕೇಳಿದಳು. ಅವಳ ಎದುರು ದರ್ಜಿ ಆಗ ತಾನೇ ತಂದುಕೊಟ್ಟ ರವಿಕೆ ಇತ್ತು. ಉತ್ಸವದಂದು ಮೊದಲ ಆರತಿ ಎತ್ತುವವಳು ಅವಳೆಂದು ಮಹಿಳಾ ವಿಭಾಗ ತೀರ್ಮಾನಿಸಿತ್ತು.

"ಹೇಳಿಬಿಡಿ, ನಮ್ಮಿಂದ ಆಗುವುದಿಲ್ಲ ಅಂತ ಹೇಳಿಬಿಡಿ," ಎಂದಳು ಶಾಂತವಾಗಿ. "ದೇವಿಗೆ ಬೆಳಕು ಕೊಡ್ಲಿಕ್ಕೆ ಆಗದವನಿಗೆ ಸೈಕಲಿಗೆ ಲೈಟ್ ಯಾಕೆ? ಮನೀಶಾ! ಸೈಕಲ್ ಮೇಲೆ ತಕೊಂಡು ಹೋಗು!"

ಮೇಲಿನ ಮಹಡಿಯಿಂದ ಚಪ್ಪಲಿ ಮೆಟ್ಟುವ ಸದ್ದು ತಕ್ಷಣವೇ ಕೇಳಿಸಿತು. ದೂಜರು ಬೆಳಕಿನ ಸೇವೆಗೆ ಒಪ್ಪಿಕೊಂಡರು.

ಆದರೆ ಆಮಂತ್ರಣ ಬಾಂದ್ರಾಕ್ಕೂ ತಲುಪಿತ್ತು. ಹೋಟೆಲಿನ ಮಾಲಕರು ಜಗನ್ನಿವಾಸ ಶೆಟ್ಟರು. ಕೆಲಸಗಾರರಿಗೆ ಅವರು 'ಧನಿ'. ಮರುದಿನ ಬೆಳಿಗ್ಗೆ ಧನಿಗಳು ಕನ್ನಡಕ ಏರಿಸಿ ಫೋನನ್ನು ಗಲ್ಲೆಯ ಮೇಲೆ ಇಟ್ಟರು.

"ದೂಜ, ನನ್ನ ಹೆಸರು ಇದರಲ್ಲಿ ಎಲ್ಲಿ ಉಂಟು?"

"ಕೆಳಗೆ ಉಂಟು ಧನಿ."

"ಯಾವುದರ ಕೆಳಗೆ?"

"ಪಾಯಸದ ಕೆಳಗೆ."

"ನಿನ್ನದು?"

ದೂಜರು ತಲೆ ತಗ್ಗಿಸಿದರು. "ದೇವಿಯ ಕೆಳಗೆ."

"ನಡುವೆ ಎಷ್ಟು ಜನ ಇದ್ದಾರೆ, ಎಣಿಸಿದ್ದಿಯಾ? ಹೂವಿನವ ಇದ್ದಾನೆ, ಕುರ್ಚಿಯವ ಇದ್ದಾನೆ. ಮೈಕಿನವನೂ ನನಗಿಂತ ಮೇಲೆ ಇದ್ದಾನೆ." ಧನಿಗಳು ನಿಟ್ಟುಸಿರಿಟ್ಟರು. "ಒಳ್ಳೆಯದು. ಗಲ್ಲೆಯವನು ಬೆಳಕು ಕೊಡ್ತಾನೆ, ಧನಿ ಪಾಯಸ ಬಡಿಸ್ತಾನೆ. ಒಳ್ಳೆಯದು."

ಅಂದಿನಿಂದ ಅವರು ಗಲ್ಲೆಯ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸಿಕೊಂಡು, ದೂಜರ ಕೈಯನ್ನೇ ನೋಡುತ್ತ ಕುಳಿತರು. ಬಿಲ್ಲು ಕೊಡಲು ಬಂದ ಗಿರಾಕಿಗಳು ಇಬ್ಬರಲ್ಲಿ ಯಾರ ಕೈಗೆ ಹಣ ಕೊಡುವುದೆಂದು ತಿಳಿಯದೆ ಮಾಣಿಯ ಕೈಗೆ ಕೊಟ್ಟು ಹೋಗತೊಡಗಿದರು.

ದೂಜರ ಯೋಜನೆ ಈಗ ಹೀಗಿತ್ತು. ಪೆಟ್ರೋಮ್ಯಾಕ್ಸನ್ನು ಪವಾಯಿಗೆ ಒಯ್ಯುವುದು. ಪ್ರೊಫೆಸರರು ಅದನ್ನು ಉರಿಸಿ ಅಳೆಯುವರು. ಅಳತೆ ತಿಳಿದರೆ ಸೈಕಲಿಗೆ ದೀಪ ಕೊಳ್ಳಬಹುದು. ಉರಿಯುವ ಸ್ಥಿತಿಗೆ ಬಂದ ಪೆಟ್ರೋಮ್ಯಾಕ್ಸನ್ನು ಉತ್ಸವದಂದು ಮಂಡಳಿಯಲ್ಲಿ ಹಚ್ಚಿ ಬೆಳಕಿನ ಸೇವೆಯನ್ನೂ ಮುಗಿಸಬಹುದು. ಮಂಡಳಿಯ ದೀಪವನ್ನೇ ಮಂಡಳಿಗೆ ದಾನ ಮಾಡುವ ಈ ಉಪಾಯದಲ್ಲಿ ಲೆಕ್ಕದ ತಪ್ಪು ಒಂದೂ ಇರಲಿಲ್ಲ. ಲೋಕವು ಲೆಕ್ಕದಂತೆ ನಡೆಯುವುದಿಲ್ಲ ಎಂಬುದು ಲೆಕ್ಕದ ತಪ್ಪಲ್ಲ.

ತಮ್ಮ ವಾರದ ರಜೆಯ ದಿನ, ಮಂಡಳಿಯಿಂದ ತಂದಿಟ್ಟ ದೀಪವನ್ನು ಸೈಕಲಿನ ಹಿಂದೆ ಕಟ್ಟಿಕೊಂಡು ಅವರು ಪವಾಯಿ ತಲುಪಿದರು. ಕಾಲೇಜಿನ ಗೇಟಿನಲ್ಲಿ ಕಾವಲುಗಾರನು ತಡೆದನು.

"ಚಾಚಾ, ಯೇ ಕ್ಯಾ ಹೈ?"

"ಲೈಟ್."

"ಜಲತಾ ಕ್ಯೂಂ ನಹೀಂ?"

"ಜಲಾನೇ ಕೇ ಲಿಯೇ ಹೀ ಲಾಯಾ."

ಉರಿಸಲೆಂದೇ ತಂದದ್ದು ಎಂಬ ಈ ಉತ್ತರದಿಂದ ಕಾವಲುಗಾರನು ಎರಡು ಹೆಜ್ಜೆ ಹಿಂದೆ ಸರಿದನು. ಒಳಗೆ ಹೋಗುವ ವಸ್ತುವನ್ನು ಅವನು ಯಾವುದಾದರೊಂದು ಬಾಬಿನಲ್ಲಿ ಬರೆಯಲೇಬೇಕಿತ್ತು. ಲ್ಯಾಪ್‌ಟಾಪ್ ಅಲ್ಲ, ಪೀಠೋಪಕರಣ ಅಲ್ಲ. ಹಿತ್ತಾಳೆಯದು, ಹಬ್ಬ ಹತ್ತಿರ ಬಂದಿದೆ. 'ಪೂಜಾ ಸಾಮಗ್ರಿ' ಎಂದು ಬರೆದು ಒಳಗೆ ಬಿಟ್ಟನು.

ಅಣವೀರಪ್ಪನವರು ಮದುಮಗನಂತೆ ಸಿದ್ಧರಾಗಿದ್ದರು. ಸೀಮೆಎಣ್ಣೆ, ಹೊಸ ಮ್ಯಾಂಟಲ್, ಎಲ್ಲವನ್ನೂ ತರಿಸಿಟ್ಟಿದ್ದರು. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದರು. ದೂಜರು ಪಂಪು ಹೊಡೆದರು. ದೀಪವು ಮೊದಲು ಕೆಮ್ಮಿತು; ಬಳಿಕ ವರ್ಷಗಳಿಂದ ಒಳಗಿಟ್ಟುಕೊಂಡಿದ್ದ ಹೊಗೆಯನ್ನೆಲ್ಲ ಒಮ್ಮೆಗೇ ಹೊರಗೆ ಬಿಟ್ಟಿತು; ಬಳಿಕ ಸೊಂಯ್ ಎಂದು ಬೆಳಗಿತು.

ಅದೇ ಕ್ಷಣ ಚಾವಣಿಯ ಹೊಗೆಗಂಟೆ ಹೊಡೆದುಕೊಳ್ಳತೊಡಗಿತು. ಐದು ಮಹಡಿಗಳ ವಿದ್ಯಾರ್ಥಿಗಳು ಕೇಕೆ ಹಾಕುತ್ತ ಅಂಗಳಕ್ಕೆ ಧುಮುಕಿದರು. ಅಂದು ಅವರಿಗೆ ಪರೀಕ್ಷೆಯಿತ್ತು. ಪೆಟ್ರೋಮ್ಯಾಕ್ಸಿಗೆ ಅವರು ಸಲ್ಲಿಸಿದ ಜಯಕಾರ ಪವಾಯಿ ಕೆರೆಯ ಆಚೆಗೂ ಕೇಳಿಸಿತಂತೆ.

"ಸರ್, ಓಡುವ!" ಎಂದರು ದೂಜರು.

"ಸುಮ್ಮನ ಕೂಡ್ರಿ!" ಎಂದರು ಪ್ರೊಫೆಸರರು ಯಂತ್ರದಿಂದ ಕಣ್ಣೆತ್ತದೆ. "ಮುಳ್ಳು ಇನ್ನಾ ಅಳ್ಳಾಡ್ಲಿಕತ್ತದ... ಹಾಂ. ನಿಂತಿತು. ಬರಕೋರಿ. ಸಾವಿರದ ಇನ್ನೂರು ಲ್ಯೂಮೆನ್!"

ಸಾವಿರದ ಇನ್ನೂರು. ಅಂಗಡಿಯವನು ಇಟ್ಟ ನಾಲ್ಕನೆಯ ದೀಪವೂ ಅಷ್ಟೇ. ಒಂದು ದೀಪಕ್ಕೆ ಒಂದು ಪೆಟ್ರೋಮ್ಯಾಕ್ಸ್. ಇಷ್ಟು ನೇರವಾದ ಲೆಕ್ಕಕ್ಕೆ ಒಂದು ಕಾಲೇಜನ್ನು ಬೀದಿಗೆ ತರಬೇಕಾಗಿತ್ತೇ ಎಂದು ಕೇಳುವವರು ಗಣಿತವನ್ನು ಅರಿಯದವರು.

ಬಾಗಿಲು ತೆರೆದು ದಪ್ಪ ಮೀಸೆಯ ಭದ್ರತಾ ಅಧಿಕಾರಿ ಒಳಬಂದರು. "ಹೇ ಕಾಯ್ ಆಹೇ?" ಎಂದು ಮರಾಠಿಯಲ್ಲಿ ಗುಡುಗಿದರು. ಪ್ರೊಫೆಸರರು ಸಂಭ್ರಮದಿಂದ, "ಸರ್, ಏಕ್ ಪೆಟ್ರೋಮ್ಯಾಕ್ಸ್ ಬರಾಬರ್ ಬಾರಾ ಸೌ!" ಎಂದರು. ಅಧಿಕಾರಿಗಳು ದೀಪವನ್ನು ಆರಿಸಿ, 'ಉರಿಯುವ ವಸ್ತು' ಎಂದು ಚೀಟಿ ಅಂಟಿಸಿ, ಉಗ್ರಾಣದಲ್ಲಿ ಬೀಗ ಹಾಕಿದರು.

ಅದನ್ನು ಬಿಡಿಸಿಕೊಳ್ಳಲು ದೂಜರು ಸಂಜೆಯವರೆಗೆ ಕೈಮುಗಿದರು. ಅಧಿಕಾರಿಗಳು ಕರುಣೆಯಿಲ್ಲದವರಲ್ಲ. ಆದರೆ ಗೇಟಿನ ದಾಖಲೆಯಂತೆ ಒಳಗೆ ಬಂದದ್ದು ಪೂಜಾ ಸಾಮಗ್ರಿ. ಅದು ಎಲ್ಲಿಯೂ ಸಿಗುತ್ತಿಲ್ಲ. ಉಗ್ರಾಣದಲ್ಲಿರುವುದು ಉರಿಯುವ ವಸ್ತು. ಅದು ಒಳಗೆ ಬಂದೇ ಇಲ್ಲ. ಒಳಗೆ ಬಾರದ ವಸ್ತುವನ್ನು ಹೊರಗೆ ಕಳುಹಿಸುವ ವಿಧಾನವನ್ನು ಯಾರು ಬಲ್ಲರು?

"ನಾ ಬಿಡಸಿ ಕೊಡ್ತೀನಿ, ಚಿಂತಿ ಮಾಡಬ್ಯಾಡ್ರಿ," ಎಂದರು ಅಣವೀರಪ್ಪ. "ಮುಂದಿನ ವರ್ಷ ಕಮಿಟಿ ಕೂಡತದ."

ಉತ್ಸವಕ್ಕೆ ಆರು ದಿನ ಉಳಿದಿತ್ತು. ದೂಜರು ಆ ರಾತ್ರಿ ಉಣ್ಣಲಿಲ್ಲ. ಬೆಳಿಗ್ಗೆ ಎದ್ದಾಗ ಅವರ ಮುಖದಲ್ಲಿ ಅಂಕಗಣಿತದ ಕಾಂತಿಯಿತ್ತು. ಮಂಡಳಿಗೆ ಸಲ್ಲಬೇಕಾದದ್ದು ಒಂದು ಪೆಟ್ರೋಮ್ಯಾಕ್ಸ್ ಬೆಳಕು. ಸಾವಿರದ ಇನ್ನೂರರ ಸೈಕಲ್ ದೀಪವೂ ಒಂದು ಪೆಟ್ರೋಮ್ಯಾಕ್ಸ್. ಸಮವಾದುದಕ್ಕೆ ಸಮವಾದುದನ್ನು ಇಟ್ಟರೆ ದೇವಿಯೂ ಆಕ್ಷೇಪಿಸಲಾರಳು. ಅವರು ಬಾಂದ್ರಾದ ಅಂಗಡಿಗೆ ಹೋಗಿ, "ಒಂದು ಪೆಟ್ರೋಮ್ಯಾಕ್ಸ್ ದೇ ದೋ," ಎಂದು ನಾಲ್ಕನೆಯ ದೀಪವನ್ನು ತೋರಿಸಿದರು. ಮಾರಾಟಗಾರನು ವಾದಿಸಲಿಲ್ಲ.

ಭಾನುವಾರ ಸಂಜೆ ಮೈದಾನ ತುಂಬಿತು. ಹಿಂದಿನ ಕಾಲದ ಬೆಳಕನ್ನು ನೋಡಲು ಭಾಂಡುಪ್‌ನಿಂದಲೂ ಜನ ಬಂದಿದ್ದರು. ಧನಿಗಳು ಮುಂದಿನ ಸಾಲಿನಲ್ಲಿ ಪಾಯಸದ ಪಾತ್ರೆಗೆ ಬೆನ್ನು ಹಾಕಿ ಕುಳಿತಿದ್ದರು. ದೇವರ ಮಂಟಪದ ಒಂದು ಚಿಕ್ಕ ಬಲ್ಬನ್ನು ಬಿಟ್ಟರೆ ಎಲ್ಲೆಡೆ ಕತ್ತಲೆ. ಆಗ ದೂಜರು ಜನರ ನಡುವಿನಿಂದ ಸೈಕಲನ್ನು ತಳ್ಳಿಕೊಂಡು ಬಂದು ರಂಗಸ್ಥಳದ ಎದುರು ಸ್ಟ್ಯಾಂಡ್ ಹಾಕಿ ನಿಲ್ಲಿಸಿದರು. ಆ ದೀಪವನ್ನು ಬಿಗಿಯುವ ಪಟ್ಟಿ ಸೈಕಲಿನ ಹ್ಯಾಂಡಲಿಗೆ ಮಾತ್ರ ಹೊಂದುತ್ತಿದ್ದುದರಿಂದ ಸೈಕಲೂ ಸೇವೆಗೆ ಬರಬೇಕಾಯಿತು.

"ದೂಜಣ್ಣ, ಪೆಟ್ರೋಮ್ಯಾಕ್ಸ್ ಎಲ್ಲಿ?" ಅನಿಲನ ಧ್ವನಿ ಕೀರಲಾಯಿತು.

"ಇದೇ. ಪ್ರೊಫೆಸರ್ ಅಳೆದು ಹೇಳಿದ್ದಾರೆ. ಒಂದಕ್ಕೆ ಒಂದು."

"ಇದು ಸೈಕಲ್ ಮಾರಾಯ್ರೆ!"

"ಸೈಕಲ್ ಲೆಕ್ಕಕ್ಕಿಲ್ಲ. ಬೆಳಕು ಮಾತ್ರ ಹಿಡಿಯಿರಿ," ಎಂದು ದೂಜರು ಗುಂಡಿ ಒತ್ತಿದರು. ರಂಗಸ್ಥಳದ ನಡುವೆ ಬೆಳ್ಳಗಿನ ಒಂದು ವೃತ್ತ ಬಿತ್ತು. ಜನ "ಓಹೋ" ಎಂದಿತು.

ಎರಡು ಸಂಗತಿಗಳನ್ನು ಪ್ರೊಫೆಸರರು ಅಳೆದಿರಲಿಲ್ಲ. ಪೆಟ್ರೋಮ್ಯಾಕ್ಸ್ ಸುತ್ತಲೂ ಬೆಳಗುತ್ತದೆ. ಸೈಕಲಿನ ದೀಪ ಹ್ಯಾಂಡಲ್ ತಿರುಗಿದ ಕಡೆ ಮಾತ್ರ. ಮತ್ತು ಪೂರ್ಣ ಬೆಳಕಿನಲ್ಲಿ ಅದರ ಚಾರ್ಜ್ ನಿಲ್ಲುವುದು ಒಂದೂವರೆ ಗಂಟೆ. ಪ್ರಸಂಗ ಮೂರು ಗಂಟೆಯದು.

ಆದ್ದರಿಂದ ದೂಜರು ಸೀಟಿನ ಮೇಲೆ ಕುಳಿತು, ಹ್ಯಾಂಡಲ್ ತಿರುಗಿಸುತ್ತ, ಬೆಳಕನ್ನು ಪಾತ್ರಗಳ ಯೋಗ್ಯತೆಗೆ ತಕ್ಕಂತೆ ಹಂಚತೊಡಗಿದರು. ದೇವಿಗೆ ಪೂರ್ಣ. ದೇವತೆಗಳಿಗೆ ಅರ್ಧ. ದೂತನಿಗೆ ಕಾಲು. ಮದ್ದಳೆಯವನು ಕತ್ತಲಲ್ಲಿ ಬಾರಿಸಿದನು, ಭಾಗವತರು ಕಂಠಪಾಠದಿಂದ ಹಾಡಿದರು. ಪಾತ್ರಧಾರಿಗಳು ಬೇಗನೆ ಗುಟ್ಟನ್ನು ಅರಿತು, ಬೆಳಕು ಹೋದಲ್ಲಿಗೆ ತಾವೂ ಹೋಗುತ್ತ, ಒಬ್ಬರನ್ನೊಬ್ಬರು ಮೊಣಕೈಯಿಂದ ದಬ್ಬುತ್ತ ಕುಣಿದರು. ಇಂಥ ಚುರುಕಾದ ದೇವತೆಗಳನ್ನು ಸಾಂತಾಕ್ರೂಜ್ ನೋಡಿರಲಿಲ್ಲ.

ಆಗ ಅಸುರನ ಪ್ರವೇಶ. ಅಸುರನೆಂದರೆ ಮನೀಶ. ಮಧ್ಯಾಹ್ನವೇ ಕುಳಿತು ಮುಖಕ್ಕೆ ಬಣ್ಣ ಹಚ್ಚಿಸಿಕೊಂಡಿದ್ದನು. ಕಿರೀಟ ಹೊರಲು ಪಕ್ಕದವರ ಸಹಾಯ ಬೇಕಿತ್ತು. ಚೆಂಡೆ ಗುಡುಗಿತು, ಗೆಜ್ಜೆ ಮೊಳಗಿತು. ಅದೇ ವೇಳೆಗೆ ದೀಪದ ಹಿಂಬದಿಯಲ್ಲಿ ಕೆಂಪು ಚುಕ್ಕೆ ಮಿನುಗಿತು: ಚಾರ್ಜ್ ಮುಗಿಯುತ್ತ ಬಂದಿದೆ. ವಧೆಯ ದೃಶ್ಯಕ್ಕೆ ಬೆಳಕು ಉಳಿಸಲೇಬೇಕು. ದೂಜರು ಗಾಬರಿಯಿಂದ ಗುಂಡಿ ಒತ್ತಿದರು. ದೀಪ ಆಂಬುಲೆನ್ಸಿನಂತೆ ಪಕ್‌ಪಕ್ ಎಂದಿತು. ಅಸುರನ ಒಂದು ಕಾಲು ಇಲ್ಲಿ, ಒಂದು ಮೀಸೆ ಅಲ್ಲಿ ಕಾಣಿಸಿತು. ಮತ್ತೆ ಒತ್ತಿದರು. ಪೂರ್ಣ ಕತ್ತಲೆ.

"ಅಸುರ ಬಂದನಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಯಕ್ಷಗಾನದಲ್ಲಿ ಮಾತುಗಳನ್ನು ಪಾತ್ರಧಾರಿಯು ನಿಂತಲ್ಲಿಯೇ ಹೊಸೆಯುತ್ತಾನೆ. ಅದು ಕಲೆಯ ಹಿರಿಮೆ. ಅಂದು ಮನೀಶನ ಪಾಲಿಗೆ ಅದೊಂದೇ ದಾರಿ. ಕತ್ತಲಲ್ಲಿ ಅವನ ಧ್ವನಿ ಮೊಳಗಿತು:

"ಎಲವೋ ಸಾರಥೀ! ಮೂರು ಲೋಕಗಳನ್ನು ಗೆದ್ದ ಈ ಅಸುರೇಂದ್ರನ ಮುಖವನ್ನು ಕತ್ತಲಲ್ಲಿ ಇಟ್ಟ ಕಾರಣವೇನು?"

"ಚಾರ್ಜ್ ಇಲ್ಲ ಮಾರಾಯ," ಎಂದರು ದೂಜರು. ಭಾಗವತರ ಮೈಕು ಅವರ ಪಕ್ಕದಲ್ಲಿಯೇ ಇತ್ತು. ಮೈದಾನ ಚಪ್ಪಾಳೆ ತಟ್ಟಿತು.

"ಭಾವ, ಎಲ್ಲರ ಎದುರು ಮಾನ ತೆಗೀಬೇಡಿ," ಎಂದು ಅಸುರನು ಪಿಸುಗುಟ್ಟಿದನು. ಅದನ್ನೂ ಮೈಕು ಹಿಡಿಯಿತು. ಬಳಿಕ ಗಟ್ಟಿಯಾಗಿ, "ಸಾರಥೀ! ನಿನಗೇನು ಬೇಕು? ಕೇಳು! ಬೇಡಿದ್ದನ್ನು ಕೊಡುವೆನು!"

ದೂಜರು ಜೀವಮಾನದಲ್ಲಿ ಒಮ್ಮೆಯಾದರೂ ಸರಿಯಾದ ಹೊತ್ತಿಗೆ ಸರಿಯಾದ ಪ್ರಶ್ನೆ ಕೇಳಿದರೆಂದರೆ ಅದು ಅಂದು.

"ಸೈಕಲ್ ಬಿಡ್ತೀಯಾ?"

ಕತ್ತಲಲ್ಲಿ ಗೆಜ್ಜೆ ಒಂದು ಸಲ ಅನುಮಾನಿಸಿತು. ದೂಜರು ಬೆಳಕನ್ನು ಅರೆಕ್ಷಣ ಅವನ ಕಿರೀಟದ ತುದಿಗೆ ಮಾತ್ರ ತೋರಿಸಿ, ಆರಿಸಿದರು.

"ಬಿಟ್ಟೆನು!" ಎಂದು ಅಸುರನು ಆರ್ಭಟಿಸಿದನು. "ಎಲೈ ಭಾವನೇ, ಇಪ್ಪತ್ತೊಂದು ಗೇರುಗಳುಳ್ಳ ಆ ದ್ವಿಚಕ್ರ ರಥದ ಮೇಲಿನ ಆಸೆಯನ್ನು ಈ ಕ್ಷಣವೇ ತೊರೆದೆನು! ಆಯುಧ ಪೂಜೆಯ ಹೂವು ನಿನ್ನ ಬಾಗಿಲಲ್ಲಿಯೇ ಬೀಳಲಿ! ಕೊಡು ಬೆಳಕ!"

"ಪ್ರಫುಲ್ಲಾ, ಕೇಳಿದ್ಯಾ?"

"ಕೇಳಿತು!" ಎಂದು ಹೆಂಗಸರ ಸಾಲಿನಿಂದ ಉತ್ತರ ಬಂತು. "ಆದ್ರೆ ಆ ಲೈಟ್ ದೇವಿಗೆ ಹೋಯ್ತಲ್ಲ, ಸೈಕಲಿಗೆ ಎಂತ ಹಾಕ್ತೀರಿ?"

ನ್ಯಾಯವಾದ ಪ್ರಶ್ನೆ. ದೂಜರು ಅದನ್ನು ಅಸುರನ ಕಡೆ ತಿರುಗಿಸಿದರು. "ಎಂತ ಹಾಕುವುದು?"

"ನಾನೇ ಕೊಡುವೆನು ದೀಪ! ಈ ದೇವಿಯ ಪಾದದಾಣೆ! ಬೆಳಕು, ಭಾವ, ಬೆಳಕು!"

ಭಾಗವತರು ಸಮಯಜ್ಞರು. "ಕೊಟ್ಟೆನೆಂದನು ದೀಪವ ದಾನವ" ಎಂದು ಅಲ್ಲಿಯೇ ಒಂದು ಸಾಲು ಕಟ್ಟಿ ಮೋಹನ ರಾಗದಲ್ಲಿ ಎತ್ತಿದರು. ಚೆಂಡೆಯವನು ಮೂರು ಪೆಟ್ಟಿನಿಂದ ಅದಕ್ಕೆ ಮುದ್ರೆ ಒತ್ತಿದನು. ಸಾವಿರದ ಇನ್ನೂರು ಲ್ಯೂಮೆನ್ ಒಮ್ಮೆಗೇ ಅಸುರನ ಮುಖದ ಮೇಲೆ ಬಿತ್ತು. ಕಣ್ಣು ಕುಕ್ಕಿ ಏನೂ ಕಾಣದ ಮನೀಶನು ದೇವಿಯೆಂದು ತಿಳಿದು ಮದ್ದಳೆಯವನ ಮೇಲೆ ಏರಿಹೋದನು. ದೇವಿ ಅವನನ್ನು ಕಿರೀಟ ಹಿಡಿದು ಎಳೆದು ತಂದು ಶೂಲವೆತ್ತಿದಳು. ಶೂಲ ಎದೆಗೆ ತಾಗಿತು, ದೀಪ ಆರಿತು, ಕತ್ತಲಲ್ಲಿ ಅಸುರನು ರಂಗಸ್ಥಳದಿಂದ ನಿಜವಾಗಿಯೂ ಕೆಳಗೆ ಬಿದ್ದನು. ಇಷ್ಟು ಸಹಜವಾದ ವಧೆಯನ್ನು ತಾವು ಊರಿನಲ್ಲಿಯೂ ಕಂಡಿಲ್ಲವೆಂದು ಹಿರಿಯರು ಒಪ್ಪಿದರು. ಧನಿಗಳು ಎದ್ದು ಬಂದು, "ದೂಜ, ಬರುವ ವರ್ಷ ಬೆಳಕು ನನ್ನದು. ಪಾಯಸ ನೀನು ನೋಡ್ಕೋ," ಎಂದರು.

ಆಯುಧ ಪೂಜೆಯ ದಿನ ಹೂವು ದೂಜರ ಬಾಗಿಲಲ್ಲಿಯೇ ಬಿತ್ತು. ಆದರೆ ಮಂಡಳಿಯು ಸೈಕಲಿನ ದೀಪವನ್ನು ಹಿಂದಿರುಗಿಸಲಿಲ್ಲ. ಪವಾಯಿಯಿಂದ ಪೆಟ್ರೋಮ್ಯಾಕ್ಸ್ ಬರುವವರೆಗೆ ಅದು ಅಟ್ಟದ ಮೇಲಿರುವುದು ನ್ಯಾಯವೆಂದು ಅನಿಲನು ಹೇಳಿದನು. ಒಂದಕ್ಕೆ ಒಂದು ಎಂದು ಲೆಕ್ಕ ಹಾಕಿದವರು ದೂಜರೇ ಅಲ್ಲವೇ? ಪವಾಯಿಯ ಉಗ್ರಾಣದಲ್ಲಿ ಉರಿಯುವ ವಸ್ತು ಇನ್ನೂ ಪೂಜಾ ಸಾಮಗ್ರಿಗಾಗಿ ಕಾಯುತ್ತಿದೆ. ಪ್ರಫುಲ್ಲಾ ಸೈಕಲಿಗೆ ಬೀಗ ಹಾಕಿ ಕೀಲಿಯನ್ನು ತನ್ನ ತಾಳಿಯ ಪಕ್ಕದಲ್ಲಿ ಇಟ್ಟುಕೊಂಡಿದ್ದಾಳೆ. ಹೊಸ ದೀಪ ಬಾರದೆ ಅದು ತೆರೆಯುವುದಿಲ್ಲ.

ದೂಜರು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಮನೀಶನ ಬಳಿಗೆ ಹೋದರು.

"ದೇವಿಯ ಪಾದದಾಣೆ ಮಾಡಿದ್ದಿ. ದೀಪ ಎಲ್ಲಿ ಮಾರಾಯ?"

"ಕೊಡುವುದಿಲ್ಲ ಅಂತ ನಾನು ಹೇಳಿದ್ನಾ, ಭಾವ?" ಮನೀಶನು ನೋವಿನಿಂದ ಮಗ್ಗುಲು ಬದಲಿಸಿದನು. "ಅಂಗಡಿಗೆ ಹೋಗಿದ್ದೆ. ಕಿತ್ನಾ ಲ್ಯೂಮೆನ್ ಅಂತ ಕೇಳಿದ. ಗೊತ್ತಿಲ್ಲದ ಅಳತೆಯಲ್ಲಿ ನಾನು ಏನನ್ನೂ ಕೊಳ್ಳುವುದಿಲ್ಲ. ನೀವೇ ಹೇಳಿದ್ದು. ಒಂದು ಪೆಟ್ರೋಮ್ಯಾಕ್ಸ್ ತಂದು ತೋರಿಸಿ, ಅರ್ಧ ನಿಮಿಷದಲ್ಲಿ ತಕೊಂಡು ಬರ್ತೇನೆ."